‘ರಸಸಾರ ಕಡಿಮೆ’ ಅಂದ್ರೆ ಹುಳಿ ಜಾಸ್ತಿ: ನಿಮ್ಮ ಕಡೆ ಇದನ್ನು ಹೇಗೆ ಹೇಳುತ್ತಾರೆ?

ಎಲ್ಲರಿಗೂ ನಮಸ್ಕಾರ.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬರುವ ‘ರಸಸಾರ’ ಎಂಬ ಪದದ ಬಗ್ಗೆ ಕೇಳಬೇಕಿತ್ತು. ಪಿಎಚ್‌ಗೆ, ಅಂದರೆ ಮಣ್ಣು ಎಷ್ಟು ಹುಳಿ ಎಂದು ತೋರಿಸುವ ಅಂಕಿಗೆ, ನಮ್ಮ ಕೃಷಿ ಬರಹಗಳಲ್ಲಿ ಬಳಸುವ ಪದ ಇದು. ಪದ ಚೆನ್ನಾಗಿದೆ, ಬಳಕೆಯಲ್ಲೂ ನಿಂತಿದೆ. ತೊಡಕು ಬರುವುದು ಅದರ ಜೊತೆ ‘ಜಾಸ್ತಿ’, ‘ಕಡಿಮೆ’ ಸೇರಿದಾಗ.

ಮಲೆನಾಡಿನ ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ತೋಟದ ಮಣ್ಣು ಹೆಚ್ಚಾಗಿ ಹುಳಿಯೇ. ಅಷ್ಟು ಮಳೆಗೆ ಮಣ್ಣಿನಲ್ಲಿರುವ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲ ಬಸಿದು ಹೋಗುತ್ತವೆ. ಚೀಟಿಯಲ್ಲಿ ರಸಸಾರ 5.1 ಎಂದು ಬರುತ್ತದೆ. ನೋಡಿದವರು ‘ರಸಸಾರ ಕಡಿಮೆ ಇದೆ’ ಎನ್ನುತ್ತಾರೆ. ಆದರೆ ನಮ್ಮ ಮಾತಿನಲ್ಲಿ ‘ಮಣ್ಣಿನಲ್ಲಿ ಸಾರ ಇಲ್ಲ’ ಎಂದರೆ ಮಣ್ಣು ಸೊರಗಿದೆ, ಗೊಬ್ಬರ ಬೇಕು ಅಂತ ಅಲ್ವಾ? ಪಕ್ಕದ ತೋಟದ ಹಿರಿಯರೊಬ್ಬರು ಹಾಗೇ ತಿಳಿದು ಯೂರಿಯಾ ತರಲು ಹೊರಟಿದ್ದರು. ಬೇಕಿದ್ದದ್ದು ಹುಳಿ ಮುರಿಯುವ ಸುಣ್ಣ. ಯೂರಿಯಾ, ಅಮೋನಿಯಂ ಸಲ್ಫೇಟ್ ಹಾಕುತ್ತಾ ಹೋದರೆ ಮಣ್ಣು ಇನ್ನಷ್ಟು ಹುಳಿಯಾಗುತ್ತದೆ. ಅದಕ್ಕೇ ಇದು ಸುಮ್ನೆ ಪದದ ಚರ್ಚೆ ಅಂತ ನನಗೆ ಅನ್ನಿಸುವುದಿಲ್ಲ.

ಹುಳಿ ಹೆಚ್ಚಿದಷ್ಟೂ ಅಂಕಿ ಇಳಿಯುವಂತೆ ಈ ಅಳತೆ ತಲೆಕೆಳಗಾಗಿರುವುದು ಏಕೆ? 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ರಸಾಯನಶಾಸ್ತ್ರಜ್ಞ ಸೋರೆನ್‌ಸೆನ್ ಇದನ್ನು ತಂದರು. ಹುಳಿಗೆ ಕಾರಣವಾಗುವ ಜಲಜನಕದ ಅಯಾನುಗಳ (ವಿದ್ಯುತ್ ಅಂಶವಿರುವ ಕಣಗಳ) ಪ್ರಮಾಣ ತೀರಾ ಸಣ್ಣದು. ಪ್ರತಿ ಸಲ ಉದ್ದುದ್ದ ದಶಾಂಶ ಬರೆಯುವುದು ಕಷ್ಟ. ಅವರ ಅಳತೆಯನ್ನು ನಮ್ಮ ಎಣಿಕೆಯಲ್ಲಿ ಹೇಳಿದರೆ ಬಹಳ ಸುಲಭ. ಒಂದು ಲೀಟರಿನಲ್ಲಿ ಆ ಅಯಾನು ಒಂದು ಮೋಲ್‌ನ (ಕಣಗಳನ್ನು ಎಣಿಸಲು ಬಳಸುವ ಅಳತೆ) ಲಕ್ಷದಲ್ಲಿ ಒಂದು ಪಾಲಿದ್ದರೆ ರಸಸಾರ 5. ಹತ್ತು ಲಕ್ಷದಲ್ಲಿ ಒಂದು ಪಾಲಾದರೆ 6. ಕೋಟಿಯಲ್ಲಿ ಒಂದಾದರೆ 7, ಅದೇ ಶುದ್ಧ ನೀರು. ಲಕ್ಷಕ್ಕೆ ಐದು ಸೊನ್ನೆ, ಹತ್ತು ಲಕ್ಷಕ್ಕೆ ಆರು, ಕೋಟಿಗೆ ಏಳು. ಅಂದರೆ ರಸಸಾರ ಎಂಬುದು ಸೊನ್ನೆಗಳ ಲೆಕ್ಕ. ಸೊನ್ನೆ ಹೆಚ್ಚಿದಷ್ಟೂ ಪಾಲು ಚಿಕ್ಕದು, ಹುಳಿ ಕಡಿಮೆ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ಹಾಗಾಗಿ 6.1 ಇದ್ದದ್ದು 5.1 ಆದರೆ ‘ಸ್ವಲ್ಪ ಇಳಿದಿದೆ’ ಎನ್ನುವುದೂ ಸರಿಯಲ್ಲ.

ಅಂಕಿ ಇಲ್ಲದೆಯೂ ನಮ್ಮವರು ಹುಳಿ ನೋಡುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವಾಗ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕಲಸಿದ ಮೇಲೆ ತಿಕ್ಕಿ ತೊಳೆದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಕಬ್ಬಿಣದ ಮೇಲೆ ಕೆಂಚು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ದ್ರಾವಣ ಹುಳಿಯಾಗಿದೆ ಎಂದರ್ಥ. ಹಾಗೇ ಹೊಡೆದರೆ ಸೋಗೆ, ಕಾಯಿ ಸುಡುತ್ತವೆ. ಆಗ ‘ಇನ್ನೊಂಚೂರು ಸುಣ್ಣದ ತಿಳಿ ಬಿಡು’ ಅನ್ನುತ್ತಾರೆ. ನೋಡಿ, ಇಲ್ಲಿ ಯಾವ ಗೊಂದಲವೂ ಇಲ್ಲ. ಮಾತೆಲ್ಲ ಸುಣ್ಣದ ಲೆಕ್ಕದಲ್ಲೇ ನಡೆಯುತ್ತದೆ. (ಅರಿಶಿನ ಇದಕ್ಕೆ ಆಗುವುದಿಲ್ಲ. ಓಕುಳಿಯಲ್ಲಿ ಸುಣ್ಣಕ್ಕೆ ಕೆಂಪಾಗುತ್ತದೆ, ಆದರೆ ಹುಳಿಗೆ ಹಳದಿಯಾಗೇ ಉಳಿಯುತ್ತದೆ.)

ನನ್ನ ಮಟ್ಟಿಗೆ ಹೇಳುವುದಾದರೆ, ಚೀಟಿಯಲ್ಲಿ ರಸಸಾರ ಇರಲಿ. ಅದು ಅಂಕಿಯ ಹೆಸರು. ಬಾಯಲ್ಲಿ ಮಾತ್ರ ‘ಮಣ್ಣು ಹುಳಿಯಾಗಿದೆ, ಅಂಕಿ 5.1’ ಎನ್ನೋಣ. ಪಠ್ಯಪುಸ್ತಕದ ‘ಆಮ್ಲೀಯತೆ’ ತಪ್ಪಲ್ಲ, ಆದರೆ ತೋಟದಲ್ಲಿ ಯಾರ ಬಾಯಲ್ಲೂ ಅದು ನಿಲ್ಲುವುದಿಲ್ಲ. ವಾಟೆ, ಉಪ್ಪಾಗೆ, ಮುರುಗಲು ಬೆಳೆಯುವ ಊರಿನಲ್ಲಿ ‘ಹುಳಿ’ ಎಂಬ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಜಾಗದಲ್ಲಿ ನನಗೆ ಪದವೇ ಸಿಗುತ್ತಿಲ್ಲ. ಲ್ಯಾಬಿನಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಕಲಕುತ್ತಾರೆ, ಪಿಎಚ್ ಮೀಟರಿನ ಗಾಜಿನ ಕಡ್ಡಿ ಅದ್ದಿ ಅಂಕಿ ಓದುತ್ತಾರೆ. ಆ ಕಡ್ಡಿಗೆ ಸಿಗುವುದು ನೀರಿಗೆ ಬಿಟ್ಟುಕೊಂಡ ಹುಳಿ ಮಾತ್ರ. ಮಣ್ಣಿನ ಕಣಕ್ಕೆ ಅಂಟಿಕೊಂಡ ಹುಳಿ ಅದಕ್ಕಿಂತ ಎಷ್ಟೋ ಜಾಸ್ತಿ. ಮರಳು ಮಣ್ಣು, ಜೇಡಿ ಮಣ್ಣು ಎರಡರ ಅಂಕಿಯೂ 5 ಇರಬಹುದು. ಆದರೆ ಜೇಡಿಗೆ ಬೇಕಾಗುವ ಸುಣ್ಣ ಹೆಚ್ಚು, ಏಕೆಂದರೆ ಹಾಕಿದಷ್ಟೂ ಒಳಗಿನಿಂದ ಹುಳಿ ಹೊರಬರುತ್ತಿರುತ್ತದೆ. ಈ ಅಡಗಿದ ಹುಳಿಗೆ ‘ಒಳಹುಳಿ’ ಎನ್ನಬಹುದೇ? ಸಾಗರ, ಸೊರಬ, ಕೊಪ್ಪ, ಶೃಂಗೇರಿ ಕಡೆಯ ತೋಟದ ಮಾತಿನಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ ದಯವಿಟ್ಟು ಬರೆಯಿರಿ. ಆಡಿದ ವಾಕ್ಯವನ್ನೇ ಹಾಗೇ ಬರೆದರೆ ಇನ್ನೂ ಒಳ್ಳೆಯದು.