ನೂರಕ್ಕೆ 70 ಮತ ಬಿದ್ದರೂ ಸೋತರಂತೆ

ನಮ್ಮ ಮುಂಬೈ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ನಡೆದ ಜಗಳ ಇದು. ಶುರು ಮಾಡಿದ್ದು ಪ್ರಜ್ವಲ್ ಹಾಕಿದ ಒಂದು ವಿಡಿಯೊ. ಯುರೋಪಿನ ದೇಶಗಳ ನಡುವೆ ನಡೆಯುವ ಯೂರೋವಿಷನ್ ಹಾಡಿನ ಸ್ಪರ್ಧೆಗೆ 2022ರಲ್ಲಿ ಯಾರನ್ನು ಕಳಿಸಬೇಕು ಅಂತ ಸ್ಪೇನ್ ದೇಶ ಬೆನಿಡೋರ್ಮ್ ಊರಿನಲ್ಲಿ ನಡೆಸಿದ ಆಯ್ಕೆ.

ಪ್ರಜ್ವಲ್: ತಾಂಶುಗೇರಾಸ್ ಅಂತ ಮೂವರು ಹೆಂಗಸರ ತಂಡ. ಸ್ಪೇನ್ ದೇಶದ್ದೇ ಗಲೀಸಿಯಾ ಪ್ರಾಂತ್ಯದವರು, ಹಾಡಿದ್ದು ಹೆಚ್ಚಾಗಿ ಗಲೀಸಿಯನ್ ಭಾಷೆಯಲ್ಲಿ. ಜನರ ಮತದಲ್ಲಿ ನೂರಕ್ಕೆ 70 ಅವರಿಗೇ ಬಿತ್ತು. ಆದರೂ ಮೂರನೇ ಸ್ಥಾನ! ಗೆದ್ದ ಗಾಯಕಿ ಶನೆಲ್‌ಗೆ ಜನ ಕೊಟ್ಟದ್ದು ನೂರಕ್ಕೆ 4ರಷ್ಟು.

ಸುಧಾಕರ ಮಾಮ: ಮೋಸ. ನಮ್ಮ ಸಂಘದ್ದೇ ಕಥೆ.

(ಬಂತು ನೋಡಿ. ಕಳೆದ ವರ್ಷ ಪುಣೆಯ ಸ್ಪರ್ಧೆಗೆ ಸಂಘದಿಂದ ಒಂದೇ ತಂಡ ಹೋಗಬೇಕಿತ್ತು. ಮಾಮನ ಮಗಳು ತುಳು ಜನಪದ ಕಥನಗೀತೆ ಪಾಡ್ದನ ಹಾಡಿದ್ದಳು, ಸಭೆಯಲ್ಲಿ ಜೋರು ಚಪ್ಪಾಳೆ. ತೀರ್ಪುಗಾರರು ಕಳಿಸಿದ್ದು ಭಾವಗೀತೆಯನ್ನು. ತೀರ್ಪುಗಾರರಲ್ಲಿ ಶೈಲಕ್ಕನೂ ಒಬ್ಬಳು.)

ಶೈಲಕ್ಕ: ಮೋಸ ಎಲ್ಲಿ ಬಂತು ಮಾಮ? ತಜ್ಞರಿಗೆ ಅರ್ಧ, ಜನರ ಮತಕ್ಕೆ ಕಾಲು, ಸಮೀಕ್ಷೆಗೆ ಅಂತ ಆರಿಸಿದ ಜನರ ಗುಂಪಿಗೆ ಕಾಲು. ಅದೇ ನಿಯಮ.

ಪ್ರಜ್ವಲ್: ಹೆಸರಿಗೆ ಕಾಲು. ಎಷ್ಟು ಮತ ಅಂತ ನೋಡಲಿಲ್ಲ, ಎಷ್ಟನೇ ಸ್ಥಾನ ಅಂತ ನೋಡಿದರು. ಮೊದಲನೆಯವರಿಗೆ 30, ಎರಡನೆಯವರಿಗೆ 25, ಮೂರನೆಯವರಿಗೆ 20. 70 ಬಂದವರಿಗೂ 4 ಬಂದವರಿಗೂ ವ್ಯತ್ಯಾಸ ಬರೀ 10 ಅಂಕ! ತಜ್ಞರು ಮಾತ್ರ ಶನೆಲ್‌ಗೆ 51 ಕೊಟ್ಟು ಇವರಿಗೆ 30 ಕೊಟ್ಟರು. ಕೊನೆಗೆ 96ಕ್ಕೆ 90.

ವಿಮಲತ್ತೆ: ಮತ್ಸ್ಯಗಂಧ ರೈಲಿನಲ್ಲಿ ಊರಿಂದ ಬರುವವರು ಯಾರಾದರೂ ಮಟ್ಟುಗುಳ್ಳ ಬದನೆ ತನ್ನಿ.

ಶೈಲಕ್ಕ: ಮುಂದೆ ಯೂರೋವಿಷನ್ ನಡೆದ ಇಟಲಿಯ ಟೂರಿನ್‌ನಲ್ಲಿ ಏನಾಯ್ತು ಅದನ್ನೂ ಹೇಳು. ಶನೆಲ್‌ಗೆ 459 ಅಂಕ, ಮೂರನೇ ಸ್ಥಾನ. 1995ರ ನಂತರ ಸ್ಪೇನ್ ಅಷ್ಟು ಮೇಲೆ ಬಂದದ್ದೇ ಇಲ್ಲ. ಅಲ್ಲಿ ಯಾರೂ ತಮ್ಮ ದೇಶಕ್ಕೇ ಮತ ಹಾಕುವ ಹಾಗಿಲ್ಲ. ಮನೆಯವರ ಚಪ್ಪಾಳೆ ಲೆಕ್ಕಕ್ಕಿಲ್ಲ. ಹೊರಗಿನವರಿಗೆ ಮೂರೇ ನಿಮಿಷದಲ್ಲಿ ಹಿಡಿಸಬೇಕು.

ಪ್ರಜ್ವಲ್: ಅದೇ ವರ್ಷ ಉಕ್ರೇನ್ ನೋಡು ಅಕ್ಕ. ಅಲ್ಲಿನ ಆಯ್ಕೆಯಲ್ಲಿ ತಜ್ಞರು ಮೇಲಿಟ್ಟದ್ದು ಗಾಯಕಿ ಅಲೀನಾ ಪಾಶ್‌ನ. ಜನರ ಮತದಲ್ಲಿ ಮೇಲಿದ್ದದ್ದು ಕಲೂಶ್ ಆರ್ಕೆಸ್ಟ್ರಾ ಅನ್ನುವ ತಂಡ. ಪಾಶ್ ರಷ್ಯಾ ವಶಪಡಿಸಿಕೊಂಡಿದ್ದ ಕ್ರಿಮಿಯಾಕ್ಕೆ ಹೋದ ವಿಷಯದಲ್ಲಿ ಗಲಾಟೆಯಾಗಿ ಹಿಂದೆ ಸರಿದಳು. ಕಲೂಶ್ ಹೋಗಿ 631 ಅಂಕದಲ್ಲಿ ಗೆದ್ದೇ ಬಂದರು. ಅದೂ ಉಕ್ರೇನಿಯನ್ ಭಾಷೆಯಲ್ಲಿ, ಹಳ್ಳಿ ಕೊಳಲು ಊದಿ.

ಶೈಲಕ್ಕ: ಯುದ್ಧದ ಅನುಕಂಪವೂ ಇತ್ತಲ್ವಾ? 631ರಲ್ಲಿ 439 ಜನರ ಮತದಿಂದ ಬಂದದ್ದು. ತಜ್ಞರ ಪಟ್ಟಿಯಲ್ಲಿ ನಾಲ್ಕನೆಯವರು.

ಸುಧಾಕರ ಮಾಮ: ಜನರ ಮಾತು ಬೇಡವಾದರೆ ಜನರನ್ನು ಕೇಳುವುದು ಯಾಕೆ? ದುಡ್ಡು ಖರ್ಚು ಮಾಡಿ ಮೆಸೇಜ್ ಕಳಿಸಿದವರು ದಡ್ಡರಾ?

(ಇಲ್ಲಿ ನಾನೂ ಬಾಯಿ ಹಾಕಿದೆ. ಸುಮ್ನೆ ಇರಬಹುದಿತ್ತು.)

ನಾನು: ಮಾಮನ ಈ ಪ್ರಶ್ನೆ ಸರಿ. ಬ್ರಿಟನ್ ಆ ವರ್ಷ ಜನರನ್ನು ಕೇಳಲೇ ಇಲ್ಲ. ಬಿಬಿಸಿ ತಾನೇ ಸ್ಯಾಮ್ ರೈಡರ್‌ನ ಆರಿಸಿತು, ಎರಡನೇ ಸ್ಥಾನ ಬಂತು. ಹಿಂದಿನ ವರ್ಷವೂ ತಾನೇ ಆರಿಸಿತ್ತು, ಆಗ ಬಂದದ್ದು ಸೊನ್ನೆ. ಯಾರು ಆರಿಸಿದರೂ ಗೆಲ್ಲುತ್ತೇವೆ ಅಂತೇನಿಲ್ಲ. ಆದರೆ ಬ್ರಿಟನ್‌ನಲ್ಲಿ ಯಾರಿಗೂ ಮೋಸ ಹೋದೆ ಅನ್ನಿಸಲಿಲ್ಲ. ಸ್ಪೇನ್ ಕೇಳಿತು, ಆಮೇಲೆ 70ನ್ನು ಒತ್ತಿ 30 ಮಾಡಿತು. ಬೈಗುಳ ತಿಂದವಳು ಶನೆಲ್, ನಿಯಮ ಮಾಡಿದವರಲ್ಲ. ಶೈಲಕ್ಕ, ನಮ್ಮ ಸಂಘದಲ್ಲೂ ಚಪ್ಪಾಳೆಗೆ ಎಷ್ಟು ಅಂಕ ಅಂತ ಯಾರೂ ಮೊದಲು ಹೇಳಿರಲಿಲ್ಲ.

ಶೈಲಕ್ಕ: ಚಪ್ಪಾಳೆಗೆ ಅಂಕವೇ ಇರಲಿಲ್ಲ. ತುಳು ಅಂತ ಬಿಟ್ಟದ್ದೂ ಅಲ್ಲ. ಪುಣೆಯವರು ಕೊಡುವುದು ಐದು ನಿಮಿಷ. ಪಾಡ್ದನ ಹನ್ನೊಂದು ನಿಮಿಷ ಹೋಯಿತು ಮಾಮ.

ಸುಧಾಕರ ಮಾಮ: ಇದನ್ನು ಅವತ್ತೇ ಹೇಳಬೇಕಿತ್ತು. ಈ ಸಲ ಅಂಕದ ಹಾಳೆ ಮೊದಲೇ ಗುಂಪಿಗೆ ಹಾಕು.

ಶೈಲಕ್ಕ: ಹಾಕುತ್ತೇನೆ. ನೀವು ಪಾಡ್ದನವನ್ನು ಐದು ನಿಮಿಷಕ್ಕೆ ಇಳಿಸಿ.

ಸುಧಾಕರ ಮಾಮ: ಅದು ಆಗುವುದಿಲ್ಲ.