ಹನ್ನೊಂದು ವರ್ಷದ ಮಗಳ ಕೆನ್ನೆನೋವಿಗೆ ಆಪರೇಷನ್ ಬೇಕೇ?

ಪ್ರಶ್ನೆ (ತಾಯಿ, ವಿಜಯನಗರ): ನಮಸ್ಕಾರ ಡಾಕ್ಟರೇ. ನನ್ನ ಮಗಳಿಗೆ 11 ವರ್ಷ. ಯುಗಾದಿಯ ಹೊತ್ತಿನಿಂದ ಬಲಗೆನ್ನೆಯಲ್ಲಿ ಕರೆಂಟ್ ಹೊಡೆದಂತೆ ನೋವು ಬಂದು, ಕೆಲವೇ ಸೆಕೆಂಡಿನಲ್ಲಿ ನಿಲ್ಲುತ್ತದೆ. ಹಲ್ಲುಜ್ಜುವಾಗ, ಮುಖ ತೊಳೆಯುವಾಗ, ಒಮ್ಮೊಮ್ಮೆ ಸ್ಕೂಲ್ ವ್ಯಾನಿನ ಕಿಟಕಿಯ ಗಾಳಿ ತಾಗಿದರೂ ಬರುತ್ತದೆ; ತುತ್ತನ್ನು ಎಡಗಡೆಯಲ್ಲೇ ಅಗಿಯುತ್ತಾಳೆ. ಹಲ್ಲಿನ ನೋವಿರಬೇಕೆಂದು ಒಂದು ದವಡೆ ಹಲ್ಲು ಕೀಳಿಸಿದೆವು, ಪ್ರಯೋಜನವಾಗಲಿಲ್ಲ. ನರರೋಗ ತಜ್ಞರು ಕಾರ್ಬಮಜೆಪಿನ್ ಕೊಟ್ಟ ಮೇಲೆ ಕಡಿಮೆಯಾಗಿತ್ತು. ಈಗ ಮಾತ್ರೆ ಹೆಚ್ಚಿಸಿದರೂ ನೋವು ಮರುಕಳಿಸಿದೆ, ತರಗತಿಯಲ್ಲಿ ತೂಕಡಿಸುತ್ತಾಳೆ. ಮುಖದ ನರಕ್ಕೆ ಆಪರೇಷನ್ ಬೇಕಾಗಬಹುದು ಎಂದಿದ್ದಾರೆ. ಇಷ್ಟು ಚಿಕ್ಕ ಮಗುವಿನ ತಲೆ ತೆರೆಯಬಹುದೇ?

ಉತ್ತರ (ನರಶಸ್ತ್ರಚಿಕಿತ್ಸಕರು): ನಮಸ್ಕಾರ ಅಮ್ಮಾ. ಮೊದಲು ಹೆಸರಿನ ಗೊಂದಲವೊಂದನ್ನು ಬಿಡಿಸುತ್ತೇನೆ. ಮುಖದ ಸ್ನಾಯುಗಳನ್ನು ಆಡಿಸುವುದು ಏಳನೆಯ ಕಪಾಲ ನರ. ನೀವು ಬರೆದಂತಹ ನೋವು ಹುಟ್ಟುವುದು ಮುಖದ ಸ್ಪರ್ಶವನ್ನು ಮಿದುಳಿಗೆ ಮುಟ್ಟಿಸುವ ಐದನೆಯದರಲ್ಲಿ, ಅಂದರೆ ಟ್ರೈಜೆಮಿನಲ್ ನರದಲ್ಲಿ. ಲಕ್ಷಣಗಳು ಟ್ರೈಜೆಮಿನಲ್ ನ್ಯೂರಾಲ್ಜಿಯಾಕ್ಕೆ ಹೊಂದುತ್ತವೆ. ಸಾಮಾನ್ಯವಾಗಿ ಐವತ್ತು ದಾಟಿದವರಿಗೆ ಬರುವ ಈ ಕಾಯಿಲೆ ಮಕ್ಕಳಲ್ಲಿ ಬಹಳ ಅಪರೂಪ. ಹಲ್ಲು ಕೀಳಿಸಿದ್ದಕ್ಕೆ ನೊಂದುಕೊಳ್ಳಬೇಡಿ. ದೊಡ್ಡವರೂ ಎಷ್ಟೋ ಮಂದಿ ಹಲ್ಲು ಕಳೆದುಕೊಂಡ ಮೇಲೆಯೇ ನಮ್ಮಲ್ಲಿಗೆ ಬರುತ್ತಾರೆ.

ಅಪರೂಪವಾದ್ದರಿಂದಲೇ, ಆಪರೇಷನ್ನಿನ ಮಾತಿಗೆ ಮುಂಚೆ ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನರದ ಬಳಿ ಎಪಿಡರ್ಮಾಯ್ಡ್‌ನಂತಹ ಗಡ್ಡೆಯಿದ್ದರೂ, ಮಿದುಳು, ಬೆನ್ನುಹುರಿಗಳ ನರತಂತುಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದರೂ ಇದೇ ನೋವು ಬರಬಹುದು. ಆಗ ಚಿಕಿತ್ಸೆಯ ದಾರಿಯೇ ಬೇರೆ. ಮಾಮೂಲಿ ಎಂಆರ್‌ಐ ಇದಕ್ಕೆ ಸಾಲದು. ನರ ಮತ್ತು ರಕ್ತನಾಳಗಳನ್ನು ಬಿಡಿಬಿಡಿಯಾಗಿ ತೋರಿಸುವ, ಸಿಸ್ ಅಥವಾ ಫಿಯೆಸ್ಟಾ ಎಂದು ಕರೆಯುವ ತೆಳು ಪದರಗಳ ಚಿತ್ರಣ ಆಗಿದೆಯೇ ಎಂದು ಕೇಳಿ.

ರಕ್ತನಾಳವೊಂದು ನರದ ಬುಡವನ್ನು ಒತ್ತುತ್ತಿದ್ದು, ಔಷಧಿ ಸೋತಿದ್ದರೆ, ಮೈಕ್ರೋವ್ಯಾಸ್ಕ್ಯುಲರ್ ಡಿಕಂಪ್ರೆಷನ್ ಎಂಬ ಶಸ್ತ್ರಚಿಕಿತ್ಸೆಯನ್ನು ಮಕ್ಕಳಿಗೂ ಮಾಡಬಹುದು. ಈ ಒತ್ತಡವನ್ನು ಅಮೆರಿಕದ ನರಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ 1934ರಲ್ಲೇ ವಿವರಿಸಿದ್ದರು. 1960ರ ದಶಕದಲ್ಲಿ ಅದೇ ದೇಶದ ನರಶಸ್ತ್ರಚಿಕಿತ್ಸಕ ಪೀಟರ್ ಜನೆಟಾ ಆಪರೇಷನ್ನಿಗೆ ಈಗಿನ ರೂಪ ಕೊಟ್ಟರು. ಇಡೀ ತಲೆ ತೆರೆಯುವುದಿಲ್ಲ. ಕಿವಿಯ ಹಿಂದೆ ಮೂಳೆಯಲ್ಲಿ ಸಣ್ಣ ಕಿಂಡಿ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ನರವನ್ನು ತಲುಪುತ್ತೇವೆ. ನಾಡಿಯಂತೆ ಮಿಡಿಯುವ ರಕ್ತನಾಳ ನರಕ್ಕೆ ಒತ್ತಿಕೊಂಡಿರುತ್ತದೆ. ಅದನ್ನು ಮೆಲ್ಲಗೆ ಸರಿಸಿ, ನಡುವೆ ಹತ್ತಿಯ ಎಳೆಯಂತಿರುವ ಟೆಫ್ಲಾನ್ ತುಣುಕನ್ನು ಇಡುತ್ತೇವೆ. ಮಕ್ಕಳಲ್ಲಿ ಅಪಧಮನಿಯ ಜೊತೆ ಅಭಿಧಮನಿಯೂ ಒತ್ತುತ್ತಿರುವುದು ಕಂಡುಬರುವುದರಿಂದ, ಒಂದು ಸಿಕ್ಕಿತೆಂದು ನಿಲ್ಲಿಸದೆ ನರದ ಉದ್ದಕ್ಕೂ ಹುಡುಕಬೇಕು. ಆ ಬದಿಯ ಕಿವಿ ಮಂದವಾಗುವುದು, ಮಿದುಳು ನೀರು ಸೋರುವುದು, ಸೋಂಕು, ಮುಖ ಜೋಮು ಹಿಡಿಯುವುದು ಇದರ ಅಪಾಯಗಳು. ಅಪರೂಪವಾದರೂ ಅವು ನಿಜ. ಆಪರೇಷನ್ ನಡೆಯುವಾಗ ಶ್ರವಣ ನರವನ್ನು ಗಮನಿಸುತ್ತಿರುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿ.

ಪ್ರಶ್ನೆ (ಮಗುವಿನ ಸೋದರಮಾವ): ನಿಮ್ಹಾನ್ಸ್‌ನಲ್ಲಿ ವಿಕಿರಣದಿಂದ ಚಿಕಿತ್ಸೆ ಕೊಡುವ ಗಾಮಾ ನೈಫ್ ಇದೆಯಲ್ಲ ಸರ್, ಗಾಯವೇ ಇಲ್ಲದೆ ಅದನ್ನೇ ಮಾಡಿಸಬಾರದೇ?

ಉತ್ತರ: ದೊಡ್ಡವರಿಗೆ, ಅದರಲ್ಲೂ ಅರಿವಳಿಕೆ ತಾಳಲಾರದ ವೃದ್ಧರಿಗೆ ಅದು ಒಳ್ಳೆಯ ಆಯ್ಕೆ. ಆದರೆ ವಿಕಿರಣವಾಗಲಿ, ಕೆನ್ನೆಯ ಮೂಲಕ ಸೂಜಿ ಹಾಕಿ ನರವನ್ನು ಬಿಸಿಯಿಂದಲೋ ಬಲೂನಿನಿಂದಲೋ ಕುಗ್ಗಿಸುವುದಾಗಲಿ ನೋವನ್ನು ನಿಲ್ಲಿಸುವುದು ನರಕ್ಕೆ ಹಾನಿ ಮಾಡಿಯೇ. ಮುಂದೆ ಅರವತ್ತು ಎಪ್ಪತ್ತು ವರ್ಷ ಬದುಕಬೇಕಾದ ಹುಡುಗಿಗೆ ಜೋಮು ಹಿಡಿದ ಕೆನ್ನೆಯನ್ನು ಕೊಡಲು ನಾನು ಹಿಂಜರಿಯುತ್ತೇನೆ. ಗಾಮಾ ನೈಫ್‌ನ ಫಲ ಕಾಣಿಸಲು ವಾರಗಳೋ ತಿಂಗಳುಗಳೋ ಬೇಕು. ಒತ್ತಡ ಕಾಣಿಸಿದ್ದರೆ ನರವನ್ನು ಉಳಿಸಿ ಒತ್ತಡ ತೆಗೆಯುವುದೇ ನನ್ನ ಮೊದಲ ಆಯ್ಕೆ.

ಅಲ್ಲಿಯವರೆಗೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ತೂಕಡಿಕೆಯ ವಿಷಯವನ್ನು ತಜ್ಞರಿಗೆ ತಿಳಿಸಿ, ರಕ್ತದ ಸೋಡಿಯಂ ನೋಡಿಸಿ. ಮೈಮೇಲೆ ಗುಳ್ಳೆ ಎದ್ದರೆ ಅಥವಾ ಬಾಯಲ್ಲಿ ಹುಣ್ಣಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಭೇಟಿಗೆ ಬರುವಾಗ ವರದಿಯ ಕಾಗದವೊಂದನ್ನೇ ತರದೆ, ಎಂಆರ್‌ಐ ಸಿಡಿಯನ್ನೂ ತನ್ನಿ. ನರದ ಬುಡವನ್ನು ನಾವೇ ಕಣ್ಣಾರೆ ನೋಡಬೇಕಾಗುತ್ತದೆ.