ಮಂಗಳೂರು–ದುಬೈ: ಹೋಗಲು ಎರಡೂಕಾಲು ಗಂಟೆ, ಬರಲು ಐದು ಗಂಟೆ?

ಪ್ರಶ್ನೆ (ಉಡುಪಿಯಿಂದ): ನಮಸ್ಕಾರ ಸರ್. ಡಿಸೆಂಬರಿನಲ್ಲಿ ಅಪ್ಪ ಅಮ್ಮ ದುಬೈಯಲ್ಲಿರುವ ತಮ್ಮನ ಮನೆಗೆ ಹೊರಟಿದ್ದಾರೆ. ಮಂಗಳೂರಿನಿಂದ ನೇರ ವಿಮಾನ. ಟಿಕೆಟಿನಲ್ಲಿ ರಾತ್ರಿ 8:00ಕ್ಕೆ ಹೊರಟು 10:15ಕ್ಕೆ ತಲುಪುತ್ತದೆ ಅಂತ ಉಂಟು. ಬರುವಾಗ ರಾತ್ರಿ 11:00ಕ್ಕೆ ಹೊರಟು ಬೆಳಗಿನ ಜಾವ 3:50ಕ್ಕೆ. ಒಂದೇ ದಾರಿಗೆ ಇಷ್ಟು ವ್ಯತ್ಯಾಸ ಯಾಕೆ? ಅಪ್ಪನಿಗೆ ಶುಗರ್ ಉಂಟು, ಊಟ ಮಾತ್ರೆ ಹೊತ್ತಿಗೆ ಸರಿಯಾಗಿ ಆಗಬೇಕು.

ಉತ್ತರ (ಫ್ಲೈಟ್ ಡಿಸ್ಪ್ಯಾಚರ್, ಅಂದರೆ ವಿಮಾನದ ದಾರಿ, ಇಂಧನದ ಲೆಕ್ಕ ಹಾಕುವವರು): ಕೇಳಿದ್ದು ಒಳ್ಳೆಯದಾಯಿತು ಅಕ್ಕ. ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದ್ದು, ತಲುಪುವ ಹೊತ್ತು ತಲುಪುವ ಊರಿನದ್ದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ 10:15 ಅಂದರೆ ಇಲ್ಲಿ 11:45. ಹಾಗಾಗಿ ಹೋಗಲು ಮೂರೂಮುಕ್ಕಾಲು ಗಂಟೆ ಬೇಕು. ಬರುವಾಗ ಅದೇ ಒಂದೂವರೆ ಗಂಟೆ ಕಳೆಯಿರಿ, 3 ಗಂಟೆ 20 ನಿಮಿಷ. ನೋಡಿ, ಟಿಕೆಟಿನಲ್ಲಿ ಉದ್ದ ಕಾಣುವ ಪ್ರಯಾಣವೇ ನಿಜವಾಗಿ ಚಿಕ್ಕದು!

ದೂರ ನೇರವಾಗಿ ಸುಮಾರು 2,450 ಕಿಲೋಮೀಟರ್. ವಿಮಾನ ಗಂಟೆಗೆ 830 ಕಿಲೋಮೀಟರ್ ಹೋದರೆ ಮೂರು ಗಂಟೆ ಸಾಕಲ್ವಾ ಅನಿಸಬಹುದು. ಆದರೆ ಚಳಿಗಾಲದಲ್ಲಿ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ಅದರಲ್ಲೂ ಕೊಲ್ಲಿಯ ಕಡೆಗೆ, ಪಶ್ಚಿಮದಿಂದ ಜೋರು ಗಾಳಿ ಬೀಸುತ್ತದೆ. ದಾರಿಯುದ್ದಕ್ಕೂ ಸರಾಸರಿ 80 ಕಿಲೋಮೀಟರ್ ಎದುರುಗಾಳಿ ಅಂತ ಇಟ್ಟುಕೊಳ್ಳಿ. ನೆಲದ ಲೆಕ್ಕದಲ್ಲಿ ವೇಗ 750ಕ್ಕೆ ಇಳಿಯುತ್ತದೆ. ಬರುವಾಗ ಅದೇ ಗಾಳಿ ಬೆನ್ನಿಗೆ, ವೇಗ 910. ಇದರಲ್ಲೇ ಅರ್ಧ ಗಂಟೆಗಿಂತ ಜಾಸ್ತಿ ವ್ಯತ್ಯಾಸ. ಮತ್ತೆ ಟಿಕೆಟಿನ ಹೊತ್ತು ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನದ್ದು. ನೆಲದ ಮೇಲೆ ಓಡುವುದು, ಏರುವುದು, ಇಳಿಯುವುದು ಎಲ್ಲ ಅದರಲ್ಲೇ ಸೇರಿದೆ. ದುಬೈಯಲ್ಲಿ ಇಳಿಯಲು ಸರದಿ ಕಾಯಬೇಕಾಗುವುದೂ ಉಂಟು.

ಅಪ್ಪನ ವಾಚು ದುಬೈ ಮುಟ್ಟುವವರೆಗೆ ನಮ್ಮ ಸಮಯದಲ್ಲೇ ಇರಲಿ. ಊಟದ ಲೆಕ್ಕ ತಪ್ಪುವುದಿಲ್ಲ. ವಿಮಾನದಲ್ಲಿ ಊಟ ಸಿಗುತ್ತದೆ ಅಂತ ಸುಮ್ನೆ ನಂಬಿ ಕೂರಬೇಡಿ, ಮೊದಲೇ ವಿಚಾರಿಸಿ. ಮಾತ್ರೆ, ಇನ್ಸುಲಿನ್ ಇದ್ದರೆ ಅದೂ, ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲೇ ಇರಬೇಕು. ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಖಂಡಿತ ಬೇಡ. ಮಾತ್ರೆಯ ಹೊತ್ತು ಬದಲಿಸುವುದಿದ್ದರೆ ಡಾಕ್ಟರನ್ನೇ ಕೇಳಿ. ಇನ್ನೊಂದು, ಬರುವಾಗ 3:50 ಅಂದರೆ ಮರುದಿನ. ಕರೆತರಲು ಹೋಗುವವರು ತಾರೀಕು ನೋಡಿಕೊಳ್ಳಲಿ.

ಪ್ರಶ್ನೆ (ಸುರತ್ಕಲ್‌ನಿಂದ): ಮಳೆಗಾಲದಲ್ಲೂ ಹೀಗೇನಾ ಸರ್? ನಾವು ಜುಲೈಯಲ್ಲಿ ಹೋಗಿ ಬರುವವರು.

ಉತ್ತರ: ಇಲ್ಲ ಮಾರಾಯ್ರೆ, ಆಗ ಮೇಲಿನ ಗಾಳಿ ತಿರುಗುತ್ತದೆ. ನೆಲದ ಹತ್ತಿರ ಮುಂಗಾರು ನೈಋತ್ಯದಿಂದ ಬಂದರೂ, ಎತ್ತರದಲ್ಲಿ ದಕ್ಷಿಣ ಭಾರತದ ಮೇಲೆ ಗಾಳಿ ಪೂರ್ವದಿಂದ ಬೀಸುತ್ತದೆ. ಹಾಗಾಗಿ ಹೋಗುವ ಬರುವ ಹೊತ್ತಿನ ಅಂತರ ತುಂಬ ಕಡಿಮೆ. ಆ ತಿಂಗಳು ನಮ್ಮ ಚಿಂತೆ ಗಾಳಿಯದ್ದಲ್ಲ, ಕೆಂಜಾರಿನದ್ದು, ಅಂದರೆ ಮಂಗಳೂರು ವಿಮಾನ ನಿಲ್ದಾಣದ್ದು. ಗುಡ್ಡದ ಮೇಲಿನ ರನ್‌ವೇ, ಉದ್ದ 2,450 ಮೀಟರ್. ಮಳೆ ಮೋಡಕ್ಕೆ ಅದು ಕಾಣದಿದ್ದರೆ ಪೈಲಟ್ ಇಳಿಸುವುದಿಲ್ಲ, ಇಳಿಸಲೂಬಾರದು. ಮೇಲೆಯೇ ಸುತ್ತು ಹೊಡೆದು ಕಾಯುತ್ತಾರೆ, ಇಲ್ಲವೇ ಬೆಂಗಳೂರಿಗೋ ಕೊಚ್ಚಿಗೋ ಹೋಗುತ್ತಾರೆ. ಅದಕ್ಕೆಂದೇ ಇಂಧನ ಹೆಚ್ಚಿಗೆ ಹಾಕಿಸುತ್ತೇವೆ. ನೀವೂ ಆ ದಿನ ಸಂಜೆಗೆ ಬೇರೆ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ.